ಕಕ್ಕೆ ಬೀಜ ಉಜ್ಜುವ ಡಬ್ಬಿ, ಬೇವಿನ ಬೀಜದ ಅವಸರ: ನಮ್ಮ ಹಿತ್ತಲ ನರ್ಸರಿಯ ಈ ವರ್ಷದ ಲೆಕ್ಕ

ನಮ್ಮ ಹೊಲ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಅರ್ಧ ಎರೆ, ಅರ್ಧ ಗರಸು. ಬದುವಿನ ಮೇಲೆ ಗಿಡ ಹಚ್ಚಬೇಕು, ಅದೂ ನಮ್ಮ ಸೀಮೆಯ ಗಿಡಗಳನ್ನೇ, ನಾವೇ ಬೀಜದಿಂದ ಎಬ್ಬಿಸಿ ಹಚ್ಚಬೇಕು ಅನ್ನೋದು ನನ್ನ ಎರಡು ವರ್ಷದ ಆಸೆ. ಹೋದ ವರ್ಷ ಮಾಡಿದ್ದು ಕೆಟ್ಟಿತು. ಯಾಕೆ ಕೆಟ್ಟಿತು ಅಂತ ತಿಳಿದ ಮೇಲೆ ಈ ವರ್ಷ ಬೇರೆ ಥರ ಮಾಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷದ ಲೆಕ್ಕ ಮೊದಲು ಹೇಳಿಬಿಡ್ತೀನಿ. ಹುಣಸೆ, ಕಕ್ಕೆ, ಜಾಲಿ, ಹೊಂಗೆ, ಬೇವು, ಸಿಕ್ಕ ಸಿಕ್ಕ ಹಾಗೆ ಆರಿಸಿ, ಚೀಟಿ ಬರೆದು ಪೊಟ್ಟಣ ಕಟ್ಟಿ, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಮುಚ್ಚಳ ಬಿಗಿದು, ಪತ್ರಾಸ್ ಶೆಡ್ಡಿನಲ್ಲಿ ಹತ್ತು ತಿಂಗಳು ಇಟ್ಟಿದ್ದೆ. ಜೂನ್‌ನಲ್ಲಿ 300 ಪ್ಯಾಕೆಟ್ಟಿಗೆ ಮಣ್ಣು ತುಂಬಿ ಬಿತ್ತಿದೆ. ಹುಣಸೆ 60ರಲ್ಲಿ 34 ಬಂತು. ಜಾಲಿ 60ರಲ್ಲಿ 9. ಹೊಂಗೆ 40ರಲ್ಲಿ 11. ಕಕ್ಕೆ 60ರಲ್ಲಿ 2. ಬೇವು 80 ಹಾಕಿದ್ದೆ, ಒಂದೂ ಇಲ್ಲ. ಬೇವು! ಗೋಡೆ ಸಂದಿಯಲ್ಲಿ ತಾನೇ ಹುಟ್ಟೋ ಗಿಡ, ನಾನು ನೀರು ಹಾಕಿ ಕಾದರೆ ಹುಟ್ಟಲಿಲ್ಲ.

ದಸರಾ ರಜೆಯಲ್ಲಿ ಪ್ಯಾಕೆಟ್ ಸುರಿದು ಮಣ್ಣು ಜಾಲಿಸಿ ನೋಡಿದೆ. ಅಲ್ಲಿ ಕಂಡದ್ದೇ ಈ ವರ್ಷದ ಕೆಲಸಕ್ಕೆಲ್ಲಾ ಬುಡ. ಕಕ್ಕೆ ಬೀಜ ನಾಲ್ಕು ತಿಂಗಳು ಹಸಿ ಮಣ್ಣಲ್ಲಿ ಇದ್ದರೂ ಹೊಸದರ ಹಾಗೆ ಮಿರಮಿರ ಹೊಳೆಯುತ್ತಿತ್ತು. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಬೇವಿನ ಬೀಜ ಮಾತ್ರ ಬರೀ ಟೊಳ್ಳು, ಒಳಗೆ ಕಪ್ಪು ಪುಡಿ. ಅಂದರೆ ಎರಡೂ ಹುಟ್ಟಲಿಲ್ಲ, ಆದರೆ ಕಾರಣ ಒಂದಕ್ಕೊಂದು ಉಲ್ಟಾ. ಕಕ್ಕೆ ಬದುಕಿತ್ತು, ಮಲಗಿತ್ತು. ಬೇವು ಡ್ರಮ್ಮಿನಲ್ಲೇ ಸತ್ತಿತ್ತು. ನಾನು ಎರಡಕ್ಕೂ ಒಂದೇ ಉಪಚಾರ ಮಾಡಿದ್ದೆ.

ಆಯಿಗೆ (ಅಪ್ಪನ ತಾಯಿ) ಹೇಳಿದರೆ, "ಬೇವಿನ ಬೀಜ ಯಾರರ ಕಟ್ಟಿ ಇಡ್ತಾರೇನೋ ತಮ್ಮಾ? ಅದು ಬಿದ್ದ ವಾರದಾಗ ಮಣ್ಣಿಗೆ ಹೋಗಬೇಕು" ಅಂದಳು. ಹೋದ ವರ್ಷವೇ ಕೇಳಬೇಕಿತ್ತು.

ಶಿವರಾತ್ರಿ ಆದ ವಾರ: ಇಡೋ ಜಾಗ

ಮೊದಲು ಜಾಗ ಬದಲಾಯಿಸಿದೆ. ಒಂದು ಥರ್ಮಾಮೀಟರ್ ತಂದು ಮೂರು ದಿನ ಮಧ್ಯಾಹ್ನ ಎರಡು ಗಂಟೆಗೆ ನೋಡಿದೆ. ಪತ್ರಾಸ್ ಶೆಡ್ಡಿನಲ್ಲಿ 44 ಡಿಗ್ರಿ, ಹಳೇ ಮಣ್ಣಿನ ಮಾಳಿಗೆ ಮನೆಯ ಒಳಕೋಣೆಯಲ್ಲಿ 30. ಇನ್ನೂ ಮಾರ್ಚ್ ಕೂಡ ಆಗಿರಲಿಲ್ಲ! ಬೀಜ ಕಾಯುವವರ ನಡುವೆ ಹ್ಯಾರಿಂಗ್ಟನ್ ಅನ್ನೋ ವಿಜ್ಞಾನಿಯ ಒಂದು ಅಂದಾಜು ಲೆಕ್ಕ ಇದೆ. ಇಡೋ ಜಾಗದ ಬಿಸಿ 5 ಡಿಗ್ರಿ ಇಳಿದರೆ ಬೀಜದ ಆಯಸ್ಸು ಸುಮಾರು ದುಪ್ಪಟ್ಟು, ಬೀಜದೊಳಗಿನ ತೇವ ಶೇಕಡಾ 1 ಇಳಿದರೂ ಅಷ್ಟೇ. ಇದು ಒಣಗಿಸಿ ಇಡಬಹುದಾದ ಬೀಜಗಳ ಮಾತು, ಎಲ್ಲಾ ಬೀಜದ್ದಲ್ಲ. ಆ ಲೆಕ್ಕ ಹಿಡಿದರೆ ಶೆಡ್ಡಿನಿಂದ ಒಳಕೋಣೆಗೆ ತಂದಿದ್ದಕ್ಕೇ ಆಯಸ್ಸು ಆರೇಳು ಪಟ್ಟು. ಒಂದು ರೂಪಾಯಿ ಖರ್ಚಿಲ್ಲ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ (ಕಾಳು ತುಂಬಿಡೋ ನೆಲದ ಗುಂಡಿ) ಇಡುತ್ತಿದ್ದದ್ದೂ ಇದಕ್ಕೇ ಅಲ್ವಾ? ನೆಲದೊಳಗೆ ತಂಪು, ಗಾಳಿ ಇಲ್ಲ, ಹುಳಕ್ಕೆ ಉಸಿರಿಲ್ಲ. ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು ಅಂತ ಆಯಿ ಈಗಲೂ ಹೇಳ್ತಾಳೆ, ಒಳಗಿನ ಗಾಳಿ ಅಷ್ಟು ಕೆಟ್ಟಿರುತ್ತದೆ. ಬಿತ್ತೋ ಜೋಳ ಮಾತ್ರ ಬೇರೆ, ಗಡಿಗೆಯಲ್ಲಿ ಬೂದಿ ಬೆರೆಸಿ ಬಾಯಿಗೆ ಸೆಗಣಿ ಮೆತ್ತಿ ಇಡುತ್ತಿದ್ದರಂತೆ. ನಾನೂ ಹಾಗೇ ಎರಡು ಗಡಿಗೆ ತೊಗೊಂಡೆ.

ಗಡಿಗೆಗೆ ಹಾಕುವ ಮುಂಚೆ ಬೀಜ ಒಣಗಿದೆಯಾ ಅಂತ ನೋಡಲು ಉಪ್ಪಿನ ಪರೀಕ್ಷೆ. ಒಣ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಬೀಜ, ಎರಡು ಚಮಚ ಚೆನ್ನಾಗಿ ಹುರಿದು ಆರಿಸಿದ ಪುಡಿ ಉಪ್ಪು, ಮುಚ್ಚಳ ಹಾಕಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಇನ್ನೂ ಹಸಿ. ಪುಡಿಪುಡಿಯಾಗಿ ಕೆಳಗೆ ಬಿದ್ದರೆ ಆಯಿತು. ಹುಣಸೆ ಮೊದಲ ಸಲವೇ ಪಾಸು. ಕಕ್ಕೆ ಅಂಟಿತು, ಯಾಕಂದರೆ ಅದರ ಕಾಯಿಯೊಳಗಿನ ಕರೀ ಅಂಟು ತೊಳೆಯಲು ಒಂದು ರಾತ್ರಿ ನೀರಲ್ಲಿ ಹಾಕಿದ್ದೆ, ಸಿಪ್ಪೆ ಮೇಲೆ ಪಸೆ ಉಳಿದಿತ್ತು. ಮತ್ತೆ ನಾಲ್ಕು ದಿನ ನೆರಳಲ್ಲಿ ಆರಿಸಿದೆ.

ಹುಳದ ಕಾಟ ಜಾಲಿಗೆ ಮತ್ತು ಹುಣಸೆಗೆ ಜಾಸ್ತಿ. ಕಾಯಿ ಗಿಡದಲ್ಲಿ ಇರುವಾಗಲೇ ಹುಳ ಮೊಟ್ಟೆ ಇಟ್ಟಿರುತ್ತದೆ, ನಾವು ಡಬ್ಬಿಯಲ್ಲಿ ಮುಚ್ಚಿಟ್ಟ ಮೇಲೆ ಒಳಗಿನಿಂದ ತೂತು ಕೊರೆದು ಹೊರಬರುತ್ತದೆ. ಅದಕ್ಕೆ ಕಾಯಿ ಸಮೇತ ಇಡಬೇಡಿ. ಬಿಡಿಸಿ, ನೀರಿಗೆ ಹಾಕಿ, ತೇಲಿದ್ದನ್ನು ಎಸೆದು, ಮುಳುಗಿದ್ದನ್ನು ಕೂಡಲೇ ಒಣಗಿಸಿ. ನನ್ನ ಜಾಲಿಯಲ್ಲಿ ಮೂರರಲ್ಲಿ ಒಂದು ತೇಲಿತು. ಹೋದ ವರ್ಷ ಇದನ್ನೆಲ್ಲಾ ಲೆಕ್ಕಕ್ಕೆ ಹಿಡಿದು ಬಿತ್ತಿದ್ದೆ.

ಮಾರ್ಚ್: ಕಕ್ಕೆಯ ಜೊತೆ ಗುದ್ದಾಟ

ಕಕ್ಕೆ ಅಂದರೆ ಬೇಸಿಗೆಯಲ್ಲಿ ಹಳದಿ ಹೂವಿನ ಗೊಂಚಲು ಇಳಿಬಿಡೋ ಗಿಡ, ಮೊಳ ಉದ್ದದ ಕರೀ ಕೊಳವೆ ಥರ ಕಾಯಿ. ಇದರ ಬೀಜದ ಸಿಪ್ಪೆಯಲ್ಲಿ ಕಂಬ ನಿಲ್ಲಿಸಿದ ಹಾಗೆ ಒತ್ತೊತ್ತಾಗಿ ಜೋಡಿಸಿದ ಕಣಗಳ ಪದರ ಇದೆ. ನೀರು ಒಳಗೆ ಹೋಗಲ್ಲ. ನೀರು ಹೋಗದೆ ಒಳಗಿನ ಮೊಳಕೆ ಏಳಲ್ಲ. ಕಾಡಿನಲ್ಲಿ ಬಿಸಿಲು, ಮಳೆ, ದನದ ಹೊಟ್ಟೆ, ವರ್ಷಗಟ್ಟಲೆ ಕಾಲ ಎಲ್ಲಾ ಸೇರಿ ಆ ಸಿಪ್ಪೆಯನ್ನು ಸವೆಸುತ್ತವೆ. ಅದನ್ನು ನಾವು ಒಂದು ದಿನದಲ್ಲಿ ಮಾಡಬೇಕು.

ನಾಲ್ಕು ಗುಂಪು ಮಾಡಿದೆ, ಒಂದೊಂದರಲ್ಲಿ 50 ಬೀಜ. ಒಂದನ್ನು ತಣ್ಣೀರಲ್ಲಿ ಒಂದು ದಿನ ನೆನೆಸಿದೆ. ಎರಡನೇದಕ್ಕೆ ಬಿಸಿನೀರು ಸುರಿದು ಆರುವ ತನಕ ಬಿಟ್ಟೆ. ಮೂರನೇದನ್ನು ಒಲೆ ಮೇಲೆ ಐದು ನಿಮಿಷ ಕುದಿಸಿದೆ, ಹಾಗೆ ಮಾಡಿದರೆ ಬೇಗ ಅಂತ ಯಾರೋ ಹೇಳಿದ್ದರು. ನಾಲ್ಕನೇದನ್ನು ಒಂದೊಂದಾಗಿ ಹಿಡಿದು ಉಗುರು ಕತ್ತರಿಯಿಂದ ಅಂಚಿನ ಸಿಪ್ಪೆ ಚೂರೇ ಚೂರು ಚಿವುಟಿ ನೆನೆಸಿದೆ.

ಮಾರನೇ ದಿನ ನೋಡಿದರೆ ತಣ್ಣೀರಿನದು 2 ಉಬ್ಬಿತ್ತು, ಬಿಸಿನೀರಿನದು 17, ಚಿವುಟಿದ್ದು 46. ಕುದಿಸಿದ್ದು ಎಲ್ಲವೂ ಮೆತ್ತಗಾಗಿತ್ತು, ಬಿತ್ತಿದ ಮೇಲೆ ಕೊಳೆತು ನಾರಿತು, ಒಂದೂ ಹುಟ್ಟಲಿಲ್ಲ. ಮೂರು ವಾರ ಆದ ಮೇಲೆ ಎಣಿಸಿದಾಗ ತಣ್ಣೀರಿನದು 1, ಬಿಸಿನೀರಿನದು 14, ಚಿವುಟಿದ್ದು 41 ಗಿಡ. ಮಣ್ಣು ಸರಿಸಿ ಬಗ್ಗಿದ ಕತ್ತು ಎತ್ತಿಕೊಂಡು 41 ಸಸಿ ಸಾಲಾಗಿ ಬಂದದ್ದನ್ನು ನೋಡಿ ಆದ ಸಂತೋಷ ಹೇಳಲಿಕ್ಕೆ ಬರಲ್ಲ.

ಚಿವುಟುವಾಗ ಒಂದು ಎಚ್ಚರ. ಬೀಜ ಕಾಯಿಗೆ ಅಂಟಿದ್ದ ಕಣ್ಣು ಒಂದು ತುದಿಯಲ್ಲಿ ಇರುತ್ತದೆ, ಬೇರು ಬರೋದು ಅಲ್ಲಿಂದಲೇ. ಆ ಕಡೆ ಮುಟ್ಟಬೇಡಿ, ಎದುರು ಕಡೆಯ ಅಂಚು ಚಿವುಟಿ. ಒಳಗಿನ ಬಿಳಿ ಬಣ್ಣ ಕಾಣಿಸಿದ ಕೂಡಲೇ ನಿಲ್ಲಿಸಿ.

ದೊಡ್ಡ ನರ್ಸರಿಗಳಲ್ಲಿ ಇದಕ್ಕೆ ಸಲ್ಫ್ಯೂರಿಕ್ ಆ್ಯಸಿಡ್ ಬಳಸುತ್ತಾರೆ. ಕೆಲಸ ಆಗುತ್ತದೆ ನಿಜ. ಆದರೆ ಮನೆಯಲ್ಲಿ ಮಕ್ಕಳು, ದನ ಕರು ಇರುವ ಹಿತ್ತಲಲ್ಲಿ ಆ ವಸ್ತು ಬೇಡವೇ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. 2013ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅದರ ಮಾರಾಟಕ್ಕೂ ಬಿಗಿ ನಿಯಮ ಇದೆ. ನಾನು ಆ ದಾರಿಗೇ ಹೋಗಲಿಲ್ಲ.

ಉಜ್ಜುವ ಡಬ್ಬಿ

50 ಬೀಜ ಚಿವುಟಲು ಒಂದು ಗಂಟೆ ಹಿಡಿಯಿತು, ಹೆಬ್ಬೆರಳು ಬಾತಿತು. ನನ್ನ ಹತ್ತಿರ ಇನ್ನೂ ಅರ್ಧ ಕೆ.ಜಿ. ಹತ್ತಿರ ಕಕ್ಕೆ ಬೀಜ ಇತ್ತು, ನಮ್ಮ ಬದುವಿಗೆ ಆಗಿ ಪಕ್ಕದ ಶಾಲೆಗೂ ಕೊಡಬೇಕಿತ್ತು. ಅದಕ್ಕೆ ಒಂದು ಡಬ್ಬಿ ಮಾಡಿದೆ.

ಐದು ಕೆ.ಜಿ.ಯ ಗುಂಡನೆಯ ತಗಡಿನ ಡಬ್ಬಿ, ಅಡ್ಡ ಅಳತೆ 20 ಸೆಂಟಿಮೀಟರ್. ತಳಕ್ಕೂ ಮುಚ್ಚಳಕ್ಕೂ ನಡುವೆ ತೂತು ಹೊಡೆದು 10 ಮಿಲಿಮೀಟರ್ ಸರಳು ತೂರಿಸಿ, ಎರಡೂ ಕಡೆ ನಟ್ಟು ವಾಶರ್ ಹಾಕಿ ಬಿಗಿದೆ. ಸರಳಿಗೆ ಆಟೆ (ನಟ್ಟು ಕೂರುವ ತಿರುಪಿನ ಗೆರೆ) ಹಾಕಿ ಒಂದು ತುದಿ ಹಿಡಿಕೆ ಥರ ಬಗ್ಗಿಸಿ ಕೊಡಲು ವೆಲ್ಡಿಂಗ್ ಅಂಗಡಿಯಲ್ಲಿ 150 ರೂಪಾಯಿ ತೊಗೊಂಡರು. ನೆಲಕ್ಕೆ ಎರಡು ಕವಲು ಗೂಟ ಹುಗಿದು ಅದರ ಮೇಲೆ ಸರಳು ಕೂರಿಸಿದೆ. ಡಬ್ಬಿ ಒಳಗೆ ಸುತ್ತಲೂ 60 ನಂಬರಿನ ಪಾಲಿಶ್ ಪೇಪರ್, ಒರಟು ಮೈ ಒಳಮುಖ.

ಮೊದಲ ದಿನ ಕಾಗದವನ್ನು ಅಂಟು ಹಚ್ಚಿ ಕೂರಿಸಿದ್ದೆ. ಕಾಲು ಗಂಟೆಯಲ್ಲಿ ಕಿತ್ತು ಬಂತು, ಬೀಜ ಕಾಗದದ ಹಿಂದೆ ಹೋಗಿ ಸೇರಿತು. ಆಮೇಲೆ ತಗಡಿಗೆ ಜೋಡಿ ಜೋಡಿ ಸಣ್ಣ ತೂತು ಹೊಡೆದು ಬೈಂಡಿಂಗ್ ತಂತಿಯಿಂದ ಹೊಲಿದ ಹಾಗೆ ಕಟ್ಟಿದೆ, ಅದು ಈವರೆಗೂ ಅಲುಗಿಲ್ಲ. ಎರಡನೇ ತೊಂದರೆ ವೇಗದ್ದು. ತಮ್ಮನ ಮಗ ಹುರುಪಿನಲ್ಲಿ ಗರಗರ ತಿರುಗಿಸಿದ. ಒಳಗೆ ಸದ್ದೇ ಇಲ್ಲ. ಜೋರಾಗಿ ತಿರುಗಿಸಿದರೆ ಬೀಜ ಗೋಡೆಗೆ ಅಂಟಿಕೊಂಡು ಡಬ್ಬಿ ಜೊತೆಗೇ ಸುತ್ತುತ್ತದೆ, ಉಜ್ಜೋದೇ ಇಲ್ಲ. ಈ ಅಳತೆಯ ಡಬ್ಬಿಯಲ್ಲಿ ನಿಮಿಷಕ್ಕೆ 95 ಸುತ್ತು ದಾಟಿದರೆ ಹಾಗಾಗುತ್ತದೆ ಅಂತ ಲೆಕ್ಕ ಹಾಕಿದಾಗ ಬಂತು. ಸೆಕೆಂಡಿಗೆ ಒಂದು ಸುತ್ತು ಸರಿ. ಬೀಜ ಸ್ವಲ್ಪ ಮೇಲೆ ಏರಿ ಜಾರಿ ಬೀಳುವ ಸರಸರ ಸದ್ದು ಕೇಳಬೇಕು. ಜೊತೆಗೆ ಒಂದು ಹಿಡಿ ದಪ್ಪ ಉಸುಕು ಹಾಕಿದೆ, ಅದರಿಂದ ಬೀಜದ ಅಂಚು ಕೂಡ ಸವೆಯಿತು.

ಎಷ್ಟು ಹೊತ್ತು ಅನ್ನೋದನ್ನು ಗಡಿಯಾರ ಹೇಳಲ್ಲ, ಬೀಜ ಹೇಳುತ್ತದೆ. ಹೊಳಪು ಹೋಗಿ ಮಂಕಾಗಬೇಕು. ಕಾಲು ಗಂಟೆಗೆ 20 ಬೀಜ ತೆಗೆದು ನೆನೆಸಿದೆ, 5 ಉಬ್ಬಿತು. ನಲವತ್ತು ನಿಮಿಷಕ್ಕೆ 20ರಲ್ಲಿ 15. ಒಂದು ಗಂಟೆ ದಾಟಿಸಿದ ಗುಂಪಿನಲ್ಲಿ ಒಡೆದ ಚೂರು ಬರತೊಡಗಿತು, ಅಲ್ಲಿಗೆ ನಿಲ್ಲಿಸಿದೆ. ಚಿವುಟಿದಷ್ಟು ಚೆನ್ನಾಗಿ ಇದು ಆಗಲ್ಲ. ಆದರೆ ಒಂದು ಮಧ್ಯಾಹ್ನದಲ್ಲಿ ಎಲ್ಲಾ ಮುಗಿಯಿತು. ಉಬ್ಬದೇ ಉಳಿದದ್ದನ್ನು ಎಸೆಯಲಿಲ್ಲ, ಆರಿಸಿ ಮತ್ತೆ ಇನ್ನೊಂದು ಹದಿನೈದು ನಿಮಿಷ ಉಜ್ಜಿದೆ. ಉಜ್ಜಿದ ಬೀಜವನ್ನು ಮಾತ್ರ ಇಡಲಿಕ್ಕೆ ಹೋಗಬೇಡಿ, ಅದರ ಕವಚ ಹೋಗಿದೆ. ಅವತ್ತೇ ನೆನೆಸಿ ಮಾರನೇ ದಿನ ಬಿತ್ತಿ.

ಸವಣೂರಿನ ದೊಡ್ಡ ಹುಣಸೆ (ಬಾವೊಬಾಬ್, ನಮ್ಮ ಹುಣಸೆ ಅಲ್ಲ) ಮರದ ಒಂದು ಕಾಯಿ ಸ್ನೇಹಿತರೊಬ್ಬರು ಕೊಟ್ಟಿದ್ದರು. ಆಫ್ರಿಕಾ ಮೂಲದ ಆ ಮರದ ಬೀಜವೂ ಕಲ್ಲಿನ ಹಾಗೆ. ಅದನ್ನು ಡಬ್ಬಿಗೆ ಹಾಕಲು ಮನಸ್ಸು ಬರಲಿಲ್ಲ. ಹನ್ನೆರಡು ಬೀಜವನ್ನು ಕೈಯಲ್ಲೇ ಅರದಿಂದ ಉಜ್ಜಿದೆ. ಏಳು ಬಂದಿವೆ.

ಬಿಸಿನೀರು ಮತ್ತು ಆಡು

ಬಿಸಿನೀರು ಅಂದರೆ ಎಷ್ಟು ಬಿಸಿ? ಸುಮಾರು 80 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೂ ಆಗುತ್ತದೆ. ಮೂರು ಲೋಟ ಕುದಿಯುವ ನೀರಿಗೆ ಒಂದು ಲೋಟ ಸಾದಾ ನೀರು ಬೆರೆಸಿದರೆ ಹತ್ತಿರ ಹತ್ತಿರ 80 ಬರುತ್ತದೆ, ನಾನು ಅಳೆದು ನೋಡಿದ್ದೇನೆ. ಬೀಜದ ಐದರಷ್ಟಾದರೂ ನೀರು ಇರಲಿ. ಒಲೆಯಿಂದ ಇಳಿಸಿದ ಮೇಲೆ ಬೀಜ ಹಾಕಿ, ರಾತ್ರಿಯಿಡೀ ಬಿಡಿ. ಸುಬಾಬುಲ್‌ಗೆ ಇದು ಚೆನ್ನಾಗಿ ಹಿಡಿಯುತ್ತದೆ. ಹುಣಸೆಗೆ ಇಷ್ಟು ಬಿಸಿ ಬೇಕಿಲ್ಲ, ಉಗುರು ಬೆಚ್ಚಗಿನ ನೀರಲ್ಲಿ ಒಂದು ದಿನ ನೆನೆಸಿದರೆ ಸಾಕು.

ಜಾಲಿಗೆ ಬಿಸಿನೀರು ಕಾಯಿಸಲು ಹೊರಟಿದ್ದೆ. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಹಿಂಡು ಕೂಡಿಸಿದ್ದ ಕುರಿ ಕಾಯುವ ಮಾವ ನಕ್ಕರು. "ಜಾಲಿಕಾಯಿ ತಿಂದ ಆಡು ರಾತ್ರಿ ಮೆಲುಕು ಹಾಕೂವಾಗ ಬೀಜ ಉಗುಳ್ತಾವ. ಮುಂಜಾನೆ ನೆಲ ಉಡುಗಿದ್ರ ಸಾಕು, ನಿನಗ ಬೇಕಾದಷ್ಟು ಸಿಗತಾವ" ಅಂದರು. ಎರಡು ಬುಟ್ಟಿ ಕಾಯಿ ಕೊಟ್ಟೆ. ಮೂರು ದಿನ ಬೆಳಿಗ್ಗೆ ಕಸಬರಿಗೆ ಹಿಡಿದು ಹೋಗಿ, ಉಗುಳಿದ್ದು, ಹಿಕ್ಕೆಯಲ್ಲಿ ಬಂದದ್ದು ಎಲ್ಲಾ ಆರಿಸಿ ತೊಳೆದೆ. ಬಿತ್ತಿದ 100ರಲ್ಲಿ 63 ಬಂತು, ಹೋದ ವರ್ಷ 60ರಲ್ಲಿ 9 ಬಂದಿದ್ದ ಅದೇ ಗಿಡದ ಬೀಜ. ಆಡಿನ ಹೊಟ್ಟೆಯ ರಸವೂ ಹಲ್ಲೂ ನನ್ನ ಡಬ್ಬಿಗಿಂತ ಹದವಾಗಿ ಕೆಲಸ ಮಾಡಿವೆ.

ಏಪ್ರಿಲ್: ಗಂಧ, ಬಾರಿ, ನೆಲ್ಲಿ

ಕೆಲವು ಬೀಜಕ್ಕೆ ಸಿಪ್ಪೆ ಒಂದೇ ಅಡ್ಡಿ ಅಲ್ಲ, ಒಳಗಿನ ಮೊಳಕೆಯೇ ಏಳಲು ತಯಾರಿರಲ್ಲ. ಶ್ರೀಗಂಧ ಅಂಥದ್ದು. ಹಣ್ಣಿನಿಂದ ತೆಗೆದ ಮೇಲೂ ಎರಡು ತಿಂಗಳ ಮಟ್ಟಿಗೆ ಅದು ನಿದ್ದೆಯಲ್ಲೇ ಇರುತ್ತದೆ. ಅದಕ್ಕೆ ಜಿಬ್ಬರೆಲಿಕ್ ಆ್ಯಸಿಡ್ ದ್ರಾವಣದಲ್ಲಿ ರಾತ್ರಿ ನೆನೆಸಬೇಕು. ನಮ್ಮ ಕಡೆ ಇದನ್ನು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ದ್ರಾಕ್ಷಿ ಬೆಳೆಯುವ ಪ್ರತಿ ಮನೆಯಲ್ಲೂ 'ಜಿಎ' ಇರುತ್ತದೆ, ಕಾಳು ಉದ್ದ ಆಗಲಿ ಅಂತ ಗೊನೆ ಅದ್ದುವುದು ಅದರಲ್ಲೇ. ಪಕ್ಕದ ತೋಟದ ಕಾಕಾ ಒಂದು ಗ್ರಾಂ ತೂಗಿ, ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ, ಎರಡು ಲೀಟರ್ ನೀರಿಗೆ ಬೆರೆಸಿ ಕೊಟ್ಟರು. ಅಂದರೆ ಲೀಟರಿಗೆ ಅರ್ಧ ಗ್ರಾಂ. 60 ಬೀಜ ನೆನೆಸಿ ಉಸುಕಿನ ಪಾತಿಯಲ್ಲಿ ಹಾಕಿದೆ. ತಿಂಗಳು ದಾಟಿದ ಮೇಲೆ ಒಂದೊಂದೇ ಬಂತು, ಒಟ್ಟು 27. ಪ್ಯಾಕೆಟ್ಟಿಗೆ ಬದಲಾಯಿಸುವಾಗ ಪಕ್ಕದಲ್ಲೇ ಎರಡು ತೊಗರಿ ಕಾಳು ಊರಿದೆ, ಗಂಧದ ಬೇರು ಇನ್ನೊಂದು ಗಿಡದ ಬೇರಿಗೆ ಅಂಟಿಕೊಂಡೇ ಬೆಳೆಯೋದು.

ಬಾರಿ ಹಣ್ಣಿನ ಓಟೆಯನ್ನು ಸಣ್ಣ ಸುತ್ತಿಗೆಯಿಂದ ಬದಿಗೆ ತಟ್ಟಿ ಒಡೆದು ಒಳಗಿನ ಬೀಜ ತೆಗೆದರೆ ವಾರದೊಳಗೆ ಮೊಳಕೆ. ಓಟೆ ಸಮೇತ ಹಾಕಿದ್ದು ಇನ್ನೂ ಮಲಗಿದೆ. ನೆಲ್ಲಿ ಇನ್ನೂ ಸುಲಭ. ಹಣ್ಣು ಬಿಸಿಲಲ್ಲಿ ಒಣಗಿಸಿದರೆ ಓಟೆ ತಾನೇ ಪಟ್ ಅಂತ ಬಿರಿದು ಬೀಜ ಸಿಡಿಯುತ್ತದೆ, ಒಂದೊಂದು ಓಟೆಯಲ್ಲಿ ಆರು ಸಣ್ಣ ಬೀಜ. ಮೇಲೆ ತೆಳು ಬಟ್ಟೆ ಹೊದಿಸಿ, ಇಲ್ಲದಿದ್ದರೆ ಅಂಗಳ ತುಂಬಾ ಆರಿಸಬೇಕಾಗುತ್ತದೆ.

ಪ್ಯಾಕೆಟ್ ಮಣ್ಣಿನ ಬಗ್ಗೆ ಒಂದೇ ಮಾತು. ಬರೀ ಎರೆ ತುಂಬಬೇಡಿ. ಒಣಗಿದಾಗ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ನಾನು ಎರೆ, ಕೆಂಪು ಮಣ್ಣು, ಉಸುಕು, ಜರಡಿ ಹಿಡಿದ ತಿಪ್ಪೆ ಗೊಬ್ಬರ ಸಮಸಮ ಹಾಕಿದ್ದೇನೆ.

ಕಾರ ಹುಣ್ಣಿಮೆ: ಬೇವು ಬಿದ್ದಿದೆ

ಇದು ಈ ವಾರದ ಕೆಲಸ. ಹಣ್ಣು ಹಸಿರು ಬಿಟ್ಟು ಹಳದಿ ತಿರುಗಿದಾಗಲೇ ಗಿಡದ ಕೆಳಗೆ ಸೀರೆ ಹಾಸಿ ಕೊಂಬೆ ಅಲುಗಿಸಿ ಕೆಡವಿದೆವು. ನೆಲಕ್ಕೆ ಬಿದ್ದು ಎರಡು ಮಳೆ ನೆನೆದದ್ದನ್ನು ತೊಗೊಳ್ಳಲಿಲ್ಲ. ಅವತ್ತೇ ಬಕೆಟ್ಟಿನಲ್ಲಿ ಹಿಸುಕಿ ತಿರುಳು ತೆಗೆದು ಮೂರು ನೀರಲ್ಲಿ ತೊಳೆದೆ. ತಿರುಳು ಉಳಿದರೆ ಹುದುಗು ಬಂದು ಬೀಜ ಬಿಸಿಯಾಗಿ ಸಾಯುತ್ತದೆ. ಗೋಣಿತಟ್ಟಿನ ಮೇಲೆ, ನೆರಳಲ್ಲಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿದ್ದೇನೆ. ಬಿಸಿಲಿಗೆ ಬೇಡ, ಡ್ರಮ್ ಬೇಡ, ಬಿಗಿ ಮುಚ್ಚಳ ಬೇಡ. ಹಸಿ ಬೀಜ ಉಸಿರಾಡುತ್ತಿರುತ್ತದೆ, ಗಾಳಿ ಕಟ್ಟಿದರೆ ಒಳಗೇ ಬೆವತು ಕೊಳೆಯುತ್ತದೆ. ಹೋದ ವರ್ಷ ನಾನು ಮಾಡಿದ್ದು ಅದನ್ನೇ. ನೆನೆಸೋದು, ಉಜ್ಜೋದು ಏನೂ ಬೇಕಾಗಿಲ್ಲ. ಎರಡು ಮೂರು ವಾರದೊಳಗೆ ಮಣ್ಣಿಗೆ ಸೇರಿದರೆ ಆಯಿತು. ಮೊನ್ನೆ ಪರೀಕ್ಷೆಗೆ ಅಂತ ಹತ್ತು ಬೀಜವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೆ, ಇವತ್ತು ಆರಕ್ಕೆ ಬಿಳಿ ಬೇರು ಕಂಡಿದೆ. ನಾಳೆ 200 ಪ್ಯಾಕೆಟ್ ಬಿತ್ತುತ್ತೇವೆ. ಮುತ್ತಲದ (ಮುತ್ತುಗ) ಚಪ್ಪಟೆ ಕಾಯಿಯೂ ಇದೇ ಥರ, ಬಿದ್ದ ಕೂಡಲೇ ಕಾಯಿ ಸಮೇತ ಹಾಕಿದೆ. ಹೊಂಗೆಯನ್ನು ಮಾತ್ರ ಈ ಬೇಸಿಗೆಯ ಬೀಜ ತಂದು ಒಂದು ರಾತ್ರಿ ನೆನೆಸಿ ಹಾಕಿದೆ, 40ರಲ್ಲಿ 35.

ಉಳಿದದ್ದು ಸಾಗವಾನಿ. ಹೋದ ವರ್ಷದ ಕಾಯಿಯನ್ನು ಗೋಣಿಚೀಲದಲ್ಲಿ ಉಜ್ಜಿ ಮೇಲಿನ ಬುರುಗು ತೆಗೆದು, ಹದಿನಾಲ್ಕು ದಿನ ರಾತ್ರಿ ನೀರಲ್ಲಿ, ಹಗಲು ಬಿಸಿಲಲ್ಲಿ ಇಟ್ಟು ಮೇ ಕೊನೆಗೆ ಪಾತಿಗೆ ಹಾಕಿದ್ದೇನೆ. 150 ಕಾಯಿಯಲ್ಲಿ ಈವರೆಗೆ 19 ಮೊಳಕೆ. ನಿನ್ನೆ ಎರಡು ಬಂತು, ಇವತ್ತು ಬೆಳಿಗ್ಗೆ ಇನ್ನೊಂದು. ಪಾತಿಗೆ ದಿನಾ ನೀರು ಹಾಕುತ್ತಿದ್ದೇನೆ.